ಮೂರು ಮೊಳಕ್ಕೆ ಒಂದು ಅಂಗುಲ

ಗಾಳಿಯುದ್ಧ ಮುಗಿದ ಏಳನೆಯ ವರ್ಷದ ಚೈತ್ರದಲ್ಲಿ ಇದು ಶುರುವಾಯಿತು, ಒಂಬತ್ತನೆಯ ವರ್ಷದ ಚೈತ್ರದಲ್ಲಿ ಮುಗಿಯಿತು.

ಆಗ ಬಾನಂಚು ಎಂಬ ರಾಜ್ಯವಿತ್ತು. ಅದರ ಕೋಟೆ ಒಂಟಿ ಬಂಡೆಯೊಂದರ ನೆತ್ತಿಯ ಮೇಲಿತ್ತು. ಬೇರೆ ರಾಜರಿಗೆ ಆನೆ ಕುದುರೆಗಳಿದ್ದ ಹಾಗೆ ಬಾನಂಚಿನ ರಾಜನಿಗೆ ಹನ್ನೆರಡು ರಣಹಕ್ಕಿಗಳಿದ್ದವು. ಹಲಸಿನ ಮರದ ಹಂದರ, ಅದರ ಮೇಲೆ ತಾಮ್ರದ ತಗಡು, ರೆಕ್ಕೆಗಳ ಕೆಳಗೆ ಎರಡು ಬೆಂಕಿಕುಂಡ. ಕುಂಡ ಕಾದರೆ ಹಕ್ಕಿ ಏಳುತ್ತಿತ್ತು. ಒಂದೊಂದು ಹಕ್ಕಿಗೆ ಇಬ್ಬರು: ಮುಂದಿನ ಆಸನದಲ್ಲಿ ಸಾರಥಿ, ಹಿಂದಿನ ಆಸನದಲ್ಲಿ ಬಿಲ್ಲುಗಾರ.

ಏಳನೆಯ ಹಕ್ಕಿಯ ಸಾರಥಿ ಬೊಮ್ಮರಸ. ಬಿಲ್ಲು ಹಿಡಿದವಳು ಕೆಂಪಾಜಿ. ಮೂರು ವರ್ಷ ಇಬ್ಬರೂ ಒಟ್ಟಿಗೆ ಹಾರಿದರು. ಯುದ್ಧ ಮುಗಿಯಲಿ, ಮದುವೆಯಾಗೋಣ ಎಂದು ಮಾತಾಗಿತ್ತು.

ಹಕ್ಕಿ ನೆಲ ಬಿಟ್ಟ ಕೂಡಲೇ ಸಾರಥಿ ಒಂದು ತುಂಡು ಬೆಲ್ಲವನ್ನು ಹಿಂದಕ್ಕೆ ಚಾಚಬೇಕು, ಬಿಲ್ಲುಗಾರ ಅದನ್ನು ತೆಗೆದುಕೊಳ್ಳಬೇಕು. ಇದು ಬಾನಂಚಿನ ಪದ್ಧತಿ. ಸಾರಥಿ ತಿರುಗಿ ನೋಡುವ ಹಾಗಿಲ್ಲ. ಅಂಗೈ ಹಗುರಾದರೆ ಹಿಂದೆ ಜನ ಇದ್ದಾರೆ ಎಂದು ಅರ್ಥ.

ಶತ್ರುಗಳು ಓಡಿಹೋದ ಮರುದಿನ ಬೆಳಗ್ಗೆ ಗೆಲುವಿನ ಸುತ್ತು ಹಾರಲು ಹನ್ನೆರಡೂ ಹಕ್ಕಿಗಳು ಸಿದ್ಧವಾದವು. ಕೆಂಪಾಜಿಗೆ ಜ್ವರ. ಅವಳು ಕಿಟಕಿಯ ಬಳಿ ಕಂಬಳಿ ಹೊದ್ದು ಕೂತು ನೋಡಿದಳು. ಹನ್ನೆರಡು ಹಕ್ಕಿಗಳು, ಇಪ್ಪತ್ತಮೂರು ಜನ. ಅವು ನೆಲ ಬಿಟ್ಟವು. ಆಗ ಒಂದು ಮೋಡ ಬಲೆಯ ಹಾಗೆ ಇಳಿಯಿತು. ಮೋಡ ಸರಿದಾಗ ಆಕಾಶ ಖಾಲಿಯಾಗಿತ್ತು.

ಇದು ಕಿರಿಗಣ್ಣನೆಂಬ ಮಾಯಗಾರನ ಕೆಲಸ. ಅವನು ಯಾವ ರಾಜನ ಕಡೆಯವನೂ ಅಲ್ಲ. ಅವನಿಗೆ ಹಕ್ಕಿಗಳು ಚೆಂದ ಕಂಡವು, ಅಷ್ಟೆ. ಅವುಗಳನ್ನು ಕುಗ್ಗಿಸಿ ತನ್ನ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟುಕೊಂಡ.

ಕೆಂಪಾಜಿ ಆರು ವರ್ಷ ಅವನ ಮನೆಯನ್ನು ಹುಡುಕಿದಳು. ಏಳನೆಯ ವರ್ಷ ಕಮ್ಮಟಶಾಲೆಯ ಮುದುಕ ಕಾಳೋಜ ಅವಳನ್ನು ಕರೆದ. ಹನ್ನೆರಡೂ ಹಕ್ಕಿಗಳನ್ನು ಕಟ್ಟಿದವನು ಅವನೇ.

"ಮನೆ ಗೊತ್ತಾಗಿದೆ ತಾಯಿ. ಉತ್ತರದ ಸುಣ್ಣದಗುಡ್ಡದಲ್ಲಿದೆ. ಕತ್ತಿ ಹಿಡ್ಕೊಂಡು ಹೋದ್ರೆ ಪ್ರಯೋಜನ ಇಲ್ಲ. ಅವನ ಮಂತ್ರ ಇರೋದು ಅವನ ಕಣ್ಣಲ್ಲಿ."

"ಹಾಗಂದ್ರೆ?"

"ಕದ್ದ ವಸ್ತೂನ ಅವನ ಕಣ್ಣು ಗುರುತು ಹಿಡೀತಾ ಇರೋವರೆಗೂ ಮಂತ್ರ ಗಟ್ಟಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇಟ್ಟು, ಯಾವುದು ಯಾವುದು ಅಂತ ಅವನಿಗೇ ತಿಳೀದೆ ಹೋದ್ರೆ, ಮಂತ್ರ ಬಿಟ್ಟುಹೋಗುತ್ತೆ. ಒಂದು ಬಿಟ್ರೆ ಎಲ್ಲಾ ಬಿಟ್ಟ ಹಾಗೆ. ಒಂದೇ ದಾರದಲ್ಲಿ ಕಟ್ಟಿದಾನೆ."

"ಎಷ್ಟಕ್ಕೆ ಕುಗ್ಗಿಸಿದಾನೆ?"

ಮುದುಕ ನಕ್ಕ. "ಕೇಳಬೇಕಾದ್ದನ್ನ ಕೇಳಿದೆ ನೋಡು. ಮೂರು ಮೊಳಕ್ಕೆ ಒಂದು ಅಂಗುಲ."

ಮೊಳಕ್ಕೆ ಇಪ್ಪತ್ತನಾಲ್ಕು ಅಂಗುಲ. ಎಂದರೆ ಎಪ್ಪತ್ತೆರಡಕ್ಕೆ ಒಂದು. ಇಪ್ಪತ್ತನಾಲ್ಕು ಮೊಳದ ರೆಕ್ಕೆ ಎಂಟು ಅಂಗುಲಕ್ಕೆ ಬರುತ್ತದೆ. ಕೆಂಪಾಜಿ ಮನೆಗೆ ಹೋಗಿ ಬೂರುಗದ ಮರದ ತುಂಡನ್ನು ಸೀಳಿದಳು.

ಕಾಳೋಜನ ನಕ್ಷೆಯನ್ನು ಎದುರಿಗಿಟ್ಟು ಏಳನೆಯ ಹಕ್ಕಿಯ ಪ್ರತಿ ಮಾಡಿದಳು. ತಾಮ್ರದ ರೇಕು ಹೊದಿಸಿದಳು. ಸಾರಥಿಯ ಮುಂದಿನ ಗಾಜಿಗೆ ಅಭ್ರಕ. ರೆಕ್ಕೆಗಳ ನಡುವಿನ ಬಿಗಿತಂತಿಗೆ ತನ್ನ ತಲೆಗೂದಲು. ಮೊಳೆಗಳನ್ನು ಸೂಜಿಯ ತುದಿಯಿಂದ ಒತ್ತಿದಳು. ಒಂದೊಂದು ರೆಕ್ಕೆಗೆ ನಾನೂರ ಹನ್ನೊಂದು. ಅಕ್ಕಪಕ್ಕದವರು ಬಾಗಿಲಲ್ಲಿ ಇಣುಕಿದರು.

"ಮೂವತ್ತಕ್ಕೆ ಬಂದವಳು ಆಟದ ಸಾಮಾನು ಮಾಡ್ಕೊಂಡು ಕೂತಿದಾಳಲ್ಲ!"

"ಬೆಳಕಿಗೆ ಅಡ್ಡ ನಿಲ್ಲಬೇಡಿ," ಎಂದಳು ಕೆಂಪಾಜಿ.

ಚೈತ್ರದ ಮೊದಲ ದಿನ ಅವಳು ಪೆಟ್ಟಿಗೆ ಹಿಡಿದು ಸುಣ್ಣದಗುಡ್ಡಕ್ಕೆ ಹೋದಳು. ಬಾಗಿಲಲ್ಲಿ ಏಳು ಮೊಳ ಉದ್ದದ ಗೋಸುಂಬೆ ಮಲಗಿತ್ತು. ಅದರ ಒಂದು ಕಣ್ಣು ಅವಳನ್ನು ನೋಡಿತು, ಇನ್ನೊಂದು ಪೆಟ್ಟಿಗೆಯನ್ನು.

"ತಿನ್ನೋದಕ್ಕೇನಾದ್ರೂ ತಂದ್ಯಾ ಅಕ್ಕ?"

"ಇಲ್ಲ."

"ಇಲ್ಲಿ ಉಪವಾಸ. ನಮ್ಮ ಯಜಮಾನ ನೊಣ ಕಂಡ್ರೂ ಕುಗ್ಗಿಸಿ ಒಳಗೆ ಜೋಡಿಸಿಡ್ತಾನೆ. ಹೋಗು ಹೋಗು."

ಒಳಗೆ ಗೋಡೆ ತುಂಬ ಗಾಜಿನ ಕಪಾಟು. ಅದರಲ್ಲಿ ಹಡಗು, ಗೋಪುರ, ಸೇತುವೆ, ಎಲ್ಲವೂ ಬೆರಳುದ್ದ. ಹಕ್ಕಿಗಳು ನಡುವಿನ ಸಾಲಿನಲ್ಲಿದ್ದವು. ಕಿರಿಗಣ್ಣ ತೆಳ್ಳಗಿನ ಮನುಷ್ಯ, ಉಗುರು ನೀಟಾಗಿ ಕತ್ತರಿಸಿಕೊಂಡಿದ್ದ. ಅವಳ ಪೆಟ್ಟಿಗೆ ಕಂಡು ಅವನಿಗೆ ಖುಷಿಯಾಯಿತು.

"ಪಂಥಕ್ಕೆ ಬಂದ್ಯಾ? ಬಾ. ಮೂರು ಸಲ ಬಿಡ್ತೀನಿ, ವರ್ಷಕ್ಕೊಂದು ಸಲ. ಸೋತಾಗಲೆಲ್ಲ ಒಂದು ಗಳಿಗೆ ನನ್ನದನ್ನ ನೋಡ್ಕೊಂಡು ಹೋಗಬಹುದು. ಮೂರನೇ ಸಲಾನೂ ಸೋತ್ರೆ ನೀನು ಇಲ್ಲೇ ಉಳೀಬೇಕು."

"ಎಲ್ಲಿ?"

"ಏಳನೇ ಹಕ್ಕಿಯ ಹಿಂದಿನ ಆಸನದಲ್ಲಿ. ಅದು ಖಾಲಿ ಇದೆ. ನನ್ನ ಇಡೀ ಕಪಾಟಿನಲ್ಲಿ ಇರೋದು ಅದೊಂದೇ ಕೊರತೆ, ದಿನಾ ಕಣ್ಣಿಗೆ ಚುಚ್ಚುತ್ತೆ." ಅವನು ಒಂದು ಬೆರಳು ಎತ್ತಿದ. "ಅವನ ಬೆನ್ನಿಗೆ ಒಂದು ಅಂಗುಲ ದೂರ. ಎಂದೆಂದಿಗೂ."

ಕೆಂಪಾಜಿ ಒಪ್ಪಿದಳು. ಕಿರಿಗಣ್ಣ ಎರಡೂ ಹಕ್ಕಿಗಳನ್ನು ಮೇಜಿನ ಮೇಲಿಟ್ಟ. ನೋಡಿದ್ದು ಮೂರು ಉಸಿರಿನಷ್ಟು ಹೊತ್ತು.

"ಇದು ನಕ್ಷೆ, ಹಕ್ಕಿ ಅಲ್ಲ. ನಿಂದು ಯಾವತ್ತೂ ಹಾರೇ ಇಲ್ಲ."

ಒಂದು ಗಳಿಗೆ ಸಿಕ್ಕಿತು. ಅವಳು ನಿಜವಾದ ಹಕ್ಕಿಯ ರೆಕ್ಕೆಗಳನ್ನು ನೋಡಿದಳು. ಎಡರೆಕ್ಕೆಯಲ್ಲಿ ಮೊಳೆಗಳು ನಾನೂರ ಒಂಬತ್ತೇ. ಎರಡು ಕಡೆ ಮೇಣ ತುಂಬಿತ್ತು. ಕುಂಡಗಳ ಹಿಂದೆ ಮಸಿ. ಹತ್ತುವ ಮೆಟ್ಟಿಲಲ್ಲಿ ತಾಮ್ರ ಸವೆದು ಹೊಳೆಯುತ್ತಿತ್ತು. ಸವೆಸಿದ್ದು ಅವಳ ಪಾದವೇ. ಹೊತ್ತು ಮುಗಿಯುವವರೆಗೂ ಅವಳು ರೆಕ್ಕೆಗಳನ್ನೇ ನೋಡಿದಳು. ಆಸನಗಳ ಕಡೆ ಕಣ್ಣು ಹಾಯಿಸಲಿಲ್ಲ.

ಮುಂದಿನ ಸಲಕ್ಕೆಂದು ಮಾಡಿದ ಎರಡನೆಯ ಹಕ್ಕಿಗೆ ಅವಳು ಮಸಿ ಬಳಿದಳು. ದೀಪದ ಕಾಡಿಗೆಯನ್ನು ಬೆರಳಿನಿಂದ ತೀಡಿದಳು. ತಾಮ್ರಕ್ಕೆ ಹುಣಸೆಹುಳಿ ಹಚ್ಚಿ ಕಿಲುಬು ತರಿಸಿದಳು. ಸಾಕು ಎನ್ನಿಸಿದಾಗ ನಿಲ್ಲಿಸಲಿಲ್ಲ. ಇಲ್ಲೊಂದು ಗೀರು, ಅಲ್ಲೊಂದು ಕಲೆ. ಸಾರಥಿಯ ಆಸನದಲ್ಲಿ ಬೊಮ್ಮರಸನ ಬೊಂಬೆ ಕೂರಿಸಿದಳು, ನೆಟ್ಟಗೆ ಮುಂದೆ ನೋಡುವ ಹಾಗೆ.

"ಈ ಸಲಾನೂ ಪೆಟ್ಟಿಗೇನೇನಾ?" ಎಂದಿತು ಗೋಸುಂಬೆ, ಮರುವರ್ಷದ ಚೈತ್ರದಲ್ಲಿ. "ಒಂದು ಮಾತು ಹೇಳ್ತೀನಿ ಕೇಳು. ನನ್ನ ಕಣ್ಣೆರಡೂ ಎರಡು ಕಡೆ ನೋಡ್ತವೆ. ನಿಂದು ಎರಡಿದ್ರೂ ಒಂದೇ ಕಡೆ."

ಈ ಸಲ ಕಿರಿಗಣ್ಣ ಊಟದ ಹೊತ್ತಿನವರೆಗೆ ನೋಡಿದ. ಆಮೇಲೆ ನಾಲಗೆಯಿಂದ ಲೊಚಗುಟ್ಟಿದ.

"ಕೈ ಚೆನ್ನಾಗಿದೆ. ಆದ್ರೆ ಅತಿ ಮಾಡಿದೆ. ಈ ಹಕ್ಕಿ ಹಾರಿದ್ದು ಮೂರು ವರ್ಷ. ನೀನು ಹನ್ನೊಂದು ವರ್ಷದ ಮಸಿ ಬಳಿದಿದೀಯ. ಉಳಿದ ಎಂಟು ವರ್ಷ ಹಕ್ಕೀದಲ್ಲ ಕಣಮ್ಮ, ನಿಂದು."

ಅವನು ಹೇಳಿದ್ದು ಸರಿಯಾಗಿತ್ತು.

"ಇನ್ನೂ ಒಂದು ತಪ್ಪಿದೆ. ಹೇಳಲ್ಲ. ಗಳಿಗೆ ಶುರುವಾಯ್ತು."

ಅವಳು ನಿಜವಾದ ಹಕ್ಕಿಯ ಗಾಜಿನ ಹತ್ತಿರ ಮುಖ ತಂದಳು. ಎಂಟು ವರ್ಷದಲ್ಲಿ ಮೊದಲ ಸಲ ಅವನನ್ನು ನೋಡಿದಳು. ಒಂದೂಕಾಲು ಅಂಗುಲದ ಬೊಮ್ಮರಸ. ಅವನು ಮುಂದೆ ನೋಡುತ್ತಿರಲಿಲ್ಲ. ಬಲಗೈ ಹಿಂದಕ್ಕೆ ಚಾಚಿತ್ತು. ಅಂಗೈಯಲ್ಲಿ ಗಸಗಸೆ ಕಾಳಿನಷ್ಟು ಬೆಲ್ಲ. ಅಭ್ಯಾಸದಿಂದ ಕೈ ಹೋಗಿದೆ, ಅಂಗೈ ಹಗುರಾಗಿಲ್ಲ, ಅವಳಿಲ್ಲ ಎಂಬುದು ಆಗ ನೆನಪಾಗಿದೆ. ನೋಡಬಾರದು ಎಂಬ ಪದ್ಧತಿ ಮುರಿದು ಅವನು ತಿರುಗಿದ್ದ. ಮೋಡ ಅವನನ್ನು ಹಿಡಿದದ್ದು ಆ ಕ್ಷಣದಲ್ಲಿ.

ಅವನು ನೋಡುತ್ತಿದ್ದದ್ದು ಖಾಲಿ ಆಸನವನ್ನು. ಕೆಂಪಾಜಿ ಇಡೀ ಗಳಿಗೆ ಅವನನ್ನೇ ನೋಡಿದಳು. ಏನನ್ನೂ ಅಳೆಯಲಿಲ್ಲ.

ಮೂರನೆಯ ಹಕ್ಕಿಗೆ ಪೂರ್ತಿ ಒಂದು ವರ್ಷ ಹಿಡಿಯಿತು. ಮಸಿಯನ್ನು ಮೂರು ವರ್ಷಕ್ಕೆ ಎಷ್ಟೋ ಅಷ್ಟೇ ಬಳಿದಳು. ಕಾಳೋಜನ ತಕ್ಕಡಿಯಲ್ಲಿ ತೂಕ ಸರಿ ಮಾಡಿದಳು. ಬಿಗಿತಂತಿಗೆ ಈಗ ಕಪ್ಪು ಕೂದಲು ಬೇಕಿರಲಿಲ್ಲ. ತಲೆಯಲ್ಲಿ ಬಿಳಿಯದು ಸಿಕ್ಕಿತು, ಅದು ಉಕ್ಕಿನ ಹಾಗೇ ಹೊಳೆಯಿತು. ಬೊಮ್ಮರಸನ ಕತ್ತನ್ನು ತಿರುಗಿಸಿದಳು. ಅಂಗೈಯಲ್ಲಿ ಬೆಲ್ಲ ಇಟ್ಟಳು.

ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಬೊಂಬೆ ಕೆತ್ತಿದಳು. ಬಿಲ್ಲು ಹಿಡಿದ ಹುಡುಗಿ, ಇಪ್ಪತ್ತೆರಡು ವಯಸ್ಸಿನವಳು. ಅದನ್ನು ಹಿಂದಿನ ಆಸನದಲ್ಲಿ ಕೂರಿಸಿದಳು. ಈಗ ಬೊಮ್ಮರಸ ಅವಳನ್ನೇ ನೋಡುತ್ತಿದ್ದ.

ಬೊಂಬೆ ಅಲ್ಲಿದ್ದರೆ ಅವಳು ಸೋಲುತ್ತಾಳೆ. ಸೋತರೆ ಆ ಆಸನ ಸಿಗುತ್ತದೆ. ಒಂದು ಅಂಗುಲ ದೂರ. ಹುಡುಕುವುದಿಲ್ಲ, ಕಾಯುವುದಿಲ್ಲ, ಇನ್ನೊಂದು ಹಕ್ಕಿ ಮಾಡುವುದಿಲ್ಲ. ಹನ್ನೊಂದು ದಿನ ಬೊಂಬೆ ಅಲ್ಲೇ ಕೂತಿತ್ತು. ಕಾಳೋಜ ಬಂದು ನೋಡಿದ. ಜಗುಲಿಯ ಮೇಲೆ ಕೂತ.

"ಕಪಾಟಿನಲ್ಲಿರೋರಿಗೆ ಕೈ ಆಡುತ್ತಾ, ಕಾಳಜ್ಜ?"

"ಇಲ್ಲ ತಾಯಿ. ರೆಪ್ಪೇನೂ ಬಡಿಯಲ್ಲ."

"ಅವನು ಚಾಚಿದ್ದನ್ನ ಹಿಂದಿನವರು ತಗೊಳ್ಳೋಕಾಗಲ್ಲ."

"ಆಗಲ್ಲ."

ಹನ್ನೆರಡನೆಯ ದಿನ ಅವಳು ಬೊಂಬೆಯನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಆಸನ ಖಾಲಿಯಾಯಿತು.

ಚೈತ್ರದ ಮೊದಲ ದಿನ ಗೋಸುಂಬೆ ಅವಳನ್ನು ನೋಡಿ ಪಕ್ಕಕ್ಕೆ ಸರಿಯಿತು. "ಬರೀ ಎಲುಬಾಗಿದೀನಿ ನೋಡಕ್ಕ. ಯಾರಾದ್ರೂ ಗೆಲ್ಲಿ, ನನಗೊಂದು ತುತ್ತು ಸಿಗಲಿ."

ಕಿರಿಗಣ್ಣ ತನ್ನ ಹಕ್ಕಿಯನ್ನು ಎಡಕ್ಕೂ ಅವಳದನ್ನು ಬಲಕ್ಕೂ ಇಟ್ಟ. ಅಳತೆ ಹಿಡಿದ, ಸರಿಯಿತ್ತು. ತೂಗಿದ, ಸರಿಯಿತ್ತು. ಎಡರೆಕ್ಕೆಯ ಮೊಳೆ ಎಣಿಸಿದ, ನಾನೂರ ಒಂಬತ್ತು, ನಾನೂರ ಒಂಬತ್ತು. ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಅವನ ಹಣೆ ಬೆವರಿತು.

"ಆಸನದಲ್ಲಿ ನೀನು ಕೂತಿರ್ತೀಯ ಅಂದ್ಕೊಂಡಿದ್ದೆ," ಎಂದ. "ಎಲ್ಲರೂ ಕೂರಿಸ್ತಾರೆ. ಆಸೆ ತಡೆಯೋಕಾಗಲ್ಲ."

"ಕೂರಿಸಿದ್ದೆ. ತೆಗೆದೆ."

"ಬಾಲದ ಕಡೆಯಿಂದ ನೋಡ್ತೀನಿ, ಇರು."

ಅವನು ಹಕ್ಕಿಗಳನ್ನು ಅಲುಗಿಸಲಿಲ್ಲ. ತಾನೇ ಮೇಜನ್ನು ಸುತ್ತಿ ಆಚೆ ಬದಿಗೆ ಹೋದ. ಬಾಲ ನೋಡಿದ, ಕುಂಡ ನೋಡಿದ, ಮತ್ತೆ ಬಾಲ ನೋಡಿದ. ಈ ಕಡೆಗೊಮ್ಮೆ ಬಂದ, ಆ ಕಡೆಗೊಮ್ಮೆ ಹೋದ. ಕೊನೆಗೆ ತನ್ನದನ್ನು ಎತ್ತಿಕೊಳ್ಳಲು ಎಡಗೈ ಚಾಚಿದ. ಕೈ ನಡುವೆಯೇ ನಿಂತಿತು. ಬಲಗೈ ಚಾಚಿದ. ಅದೂ ನಿಂತಿತು.

"ನಂದು ಎಡಗಡೇದಲ್ವಾ?" ಎಂದ ಕಿರಿಗಣ್ಣ.

ಕೆಂಪಾಜಿ ಸೆರಗಿನ ಗಂಟನ್ನು ಹಿಡಿದುಕೊಂಡಳು.

"ಹೇಳೇ! ಯಾವುದು ನಂದು?"

ಕೇಳಿದ್ದೇ ತಡ, ಮಂತ್ರ ಬಿಟ್ಟುಹೋಯಿತು. ಗಾಜು ಒಡೆಯಿತು. ಹಡಗುಗಳು, ಗೋಪುರಗಳು, ಸೇತುವೆಗಳು ಹೊಗೆಯಾಗಿ ತಂತಮ್ಮ ಊರಿಗೆ ಹೊರಟವು. ರಣಹಕ್ಕಿಗಳು ಗೋಡೆಗಳನ್ನು ಕೆಡವಿಕೊಂಡು ಬೆಳೆದವು. ಬಿಟ್ಟುಹೋದ ಮಂತ್ರ ಹಿಡಿಯಲು ಏನೂ ಸಿಗದೆ ಮಾಡಿದವನನ್ನೇ ಹಿಡಿಯಿತು. ಕಿರಿಗಣ್ಣ ಮೂರು ಮೊಳಕ್ಕೆ ಒಂದು ಅಂಗುಲದಂತೆ ಕುಗ್ಗಿ ಬಾಗಿಲ ಕಡೆ ಓಡಿದ. ಗೋಸುಂಬೆಯ ನಾಲಗೆ ಒಮ್ಮೆ ಆಚೆ ಬಂದು ಒಳಗೆ ಹೋಯಿತು. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ಧೂಳು ಇಳಿಯಿತು. ಏಳನೆಯ ಹಕ್ಕಿ ಅಂಗಳದಲ್ಲಿ ನಿಂತಿತ್ತು, ಕುಂಡಗಳು ಇನ್ನೂ ಬಿಸಿಯಾಗಿದ್ದವು. ಕೆಂಪಾಜಿ ಸವೆದ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಹಿಂದಿನ ಆಸನದಲ್ಲಿ ಕೂತಳು. ಬೊಮ್ಮರಸ ಅವಳನ್ನು ಕಂಡು ಕಣ್ಣು ಮಿಟುಕಿಸಿದ. ಅವನಿಗೆ ಒಂದು ಕ್ಷಣವೂ ಕಳೆದಿರಲಿಲ್ಲ.

"ಜ್ವರ ಅಂದಿದ್ರಲ್ಲ?"

"ಬಿಡ್ತು."

"ಯಾವಾಗ ಹತ್ತಿದೆ?"

"ಈಗ."

"ತಗೋ ಮತ್ತೆ. ಯಾಕೋ ಕೈ ನೋಯ್ತಿದೆ."

ಅವಳು ಬೆಲ್ಲ ತೆಗೆದುಕೊಂಡಳು. ಅವನ ಅಂಗೈ ಹಗುರಾಯಿತು. ಆಗ ಅವನು ಅವಳ ತಲೆಯನ್ನು ನೋಡಿದ.

"ಕೂದಲಿಗೆ ಏನಾಯ್ತು?"

"ಬಿಗಿತಂತಿಗೆ ಬೇಕಿತ್ತು. ಹೇಳ್ತೀನಿ, ಮೊದಲು ಮುಂದೆ ನೋಡು."

ಬಾನಂಚಿನಲ್ಲಿ ಏಳು ದಿನ ಹಬ್ಬವಾಯಿತು. ಎಂಟನೆಯ ದಿನ ಮದುವೆ. ಕಾಳೋಜ ಊಟಕ್ಕೆ ಕೂತವನು ಎರಡು ಸಲ ಪಾಯಸ ಹಾಕಿಸಿಕೊಂಡ. ಗೋಸುಂಬೆ ಕೋಟೆಯ ಬಾಗಿಲಿಗೆ ಬಂತು, ಅದಕ್ಕೆ ನೊಣದ ಕೊರತೆ ಆಗಲಿಲ್ಲ. ಕೆಂಪಾಜಿ ಬೂರುಗದ ಮರ ಸೀಳುವುದನ್ನು ಬಿಡಲಿಲ್ಲ. ಉಳಿದ ಹನ್ನೊಂದು ಹಕ್ಕಿಗಳನ್ನೂ ಒಂದೊಂದಾಗಿ ಮಾಡಿದಳು, ಈಗ ಸುಮ್ಮನೆ, ಖುಷಿಗೆ. ಪಂಥ ಗೆದ್ದ ಆ ಪುಟ್ಟ ಹಕ್ಕಿ ಅವರ ಮನೆಯ ಕಿಟಕಿಯಲ್ಲಿತ್ತು. ಸೆರಗಿನಲ್ಲಿದ್ದ ಬೊಂಬೆಯನ್ನು ಅದರ ಹಿಂದಿನ ಆಸನಕ್ಕೆ ಕೂರಿಸಿದಳು. ಎಲ್ಲರೂ ಸುಖವಾಗಿದ್ದರು.

ಹಕ್ಕಿಗಳು ಇಳಿದ ದಿನ ಕೋಟೆಯ ಕಾವಲುಗಾರ ಗೋಡೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಎಣಿಸಿದ್ದ. ಹೋದದ್ದು ಹನ್ನೆರಡು ಹಕ್ಕಿ, ಇಪ್ಪತ್ತಮೂರು ಜನ. ಬಂದದ್ದು ಹನ್ನೆರಡು ಹಕ್ಕಿ, ಇಪ್ಪತ್ತನಾಲ್ಕು ಜನ.