ಗುಣವಾಗುತ್ತಿದ್ದ ನಕಾಶೆಗಾರ

ಹತ್ತನೇ ತಾರೀಕು ಬೆಳಿಗ್ಗೆ 10.40ಕ್ಕೆ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಗಂಡ ನೀರು ಸರಬರಾಜು ಕಚೇರಿಯಲ್ಲಿ ನಕಾಶೆಗಾರ. ತೀರಿಕೊಂಡು ಏಳು ತಿಂಗಳು. ಮರಣಪತ್ರದ ನಕಲನ್ನು ಅದೇ ವಾರ ಕಚೇರಿಗೆ ಮುಟ್ಟಿಸಿದ್ದಳು. ಆದರೂ ತಿಂಗಳು ತಿಂಗಳೂ ಗಂಡನ ಹೆಸರಿಗೇ ಕಾಗದ ಬರುತ್ತಿತ್ತು: ಕಾಯಿಲೆ ರಜೆ ಮಂಜೂರಾಗಿದೆ, ಬೇಗ ಗುಣಮುಖರಾಗಿ.

“ಕಾಗದ ಬಂದ ದಿನ ಬಾಗಿಲು ಹಾಕೋಕೆ ಮನಸ್ಸು ಬರಲ್ಲ ಸಾರ್. ಅವರು ಸತ್ತಿದ್ದಾರೆ ಅಂತ ಆ ಕಚೇರಿಯವರ ಕೈಲಿ ಬರೆಸಿಕೊಡಿ. ಅಷ್ಟು ಸಾಕು.”

ಎಫ್‌ಐಆರ್ ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ಹಿರಿಯ ಪೇದೆಯೊಂದಿಗೆ 11.30ಕ್ಕೆ ಕಚೇರಿ ತಲುಪಿದರು. ಕುರ್ಚಿ ಖಾಲಿಯಿದ್ದರೆ ಯಾಕೆಂದು ರಜೆ ಗುಮಾಸ್ತನ ಹೊರತು ಯಾರೂ ಕೇಳದ ಜಾಗ ಅದು. ಅವನು ಬಂದ ಮೇಲೆ ಗೈರುಹಾಜರಿ ಅರ್ಧಕ್ಕಿಳಿಯಿತೆಂದು ಮೇಲಧಿಕಾರಿ ಹೊಗಳಿದರು. ಒಂದೇ ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಹಾಕಿದವರ ಬೇಳೆಯೂ ಅವನ ಮುಂದೆ ಬೇಯುತ್ತಿರಲಿಲ್ಲವಂತೆ. ಕಾಯಿಲೆ ಎಂದವರು ಖುದ್ದಾಗಿ ಬಂದು ಮುಖ ತೋರಿಸಬೇಕೆಂಬುದು ಅವನದೇ ಕಾನೂನು.

ನಕಾಶೆಗಾರನ ಕಡತದಲ್ಲಿ ಒಬ್ಬರೇ ವೈದ್ಯರ ಹೆಸರಿನ ಏಳು ಚೀಟಿಗಳಿದ್ದವು, ತಿಂಗಳಿಗೊಂದು. ಮೊದಲನೆಯದರಲ್ಲಿ ಎದೆನೋವು. ಮೂರನೆಯದರಲ್ಲಿ ಉಸಿರು ಸಲೀಸು. ಐದರ ಹೊತ್ತಿಗೆ ಮನೆಯೊಳಗೆ ಓಡಾಟ.

“ಸತ್ತವನು ಚೇತರಿಸಿಕೊಳ್ತಾ ಇದಾನಲ್ಲ ಸಾರ್,” ಎಂದ ಪೇದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಎರಡು ಗಂಟೆಗೆ ವೈದ್ಯರನ್ನು ಕಂಡರೆ, ಸಹಿಯೂ ತಮ್ಮದಲ್ಲ, ಮೊಹರೂ ತಮ್ಮದಲ್ಲ ಎಂದರು. ಇನ್ಸ್‌ಪೆಕ್ಟರ್ ಚೀಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದರಲ್ಲೂ ಮಡಿಕೆಯ ಗೆರೆಯಿಲ್ಲ. ಅಂಚೆಯಲ್ಲಿ ಬಂದರೂ ಜೇಬಿನಲ್ಲಿ ಬಂದರೂ ಕಾಗದ ಮಡಿಚಿಕೊಂಡೇ ಬರಬೇಕು. ಇವು ಹುಟ್ಟಿದ ಕೋಣೆ ಬಿಟ್ಟು ಕದಲಿರಲಿಲ್ಲ.

3.15ಕ್ಕೆ ಪಂಚರ ಮುಂದೆ ಗುಮಾಸ್ತನ ಮೇಜಿನ ಖಾನೆ ತೆಗೆಸಿದರು. ಖೋಟಾ ಮೊಹರು, ಮರಣಪತ್ರದ ನಕಲು, ಒಂದು ರಜೆ ಅರ್ಜಿ. ಅರ್ಜಿಯ ತಾರೀಕು ನಕಾಶೆಗಾರ ಸತ್ತ ದಿನದ್ದು. ಅಂಚಿನಲ್ಲಿ ಗುಮಾಸ್ತನ ಕೈಬರಹ: ಖುದ್ದಾಗಿ ಬರತಕ್ಕದ್ದು.

“ಬಂದನಾ?” ಇನ್ಸ್‌ಪೆಕ್ಟರ್ ಗುಮಾಸ್ತನನ್ನು ಕೇಳಿದರು.

“ಬಂದ. ಮೂರು ಮಹಡಿ ಹತ್ತಿ ಬಂದ. ಬೆವರ್ತಿದ್ದ. ನಾಟಕ ಚೆನ್ನಾಗಿದೆ ಕಣಯ್ಯ, ಹೋಗಿ ಕೆಲಸ ನೋಡು ಅಂದೆ.”

“ಅವನೇನಂದ?”

“ನಕ್ಕ. ಸಂಜೆತನಕ ಗೆರೆ ಎಳೀತಾ ಕೂತ. ಮನೆಗೆ ಹೋದವನು ಹೋಗೇಬಿಟ್ಟ.”

“ಸತ್ತವನಿಗೆ ಯಾಕೆ ರಜೆ ಕೊಡ್ತಾ ಬಂದೆ?”

ಗುಮಾಸ್ತ ಅರ್ಜಿಯ ಅಂಚನ್ನು ಬೆರಳಿನಿಂದ ಸವರಿದ.

“ಅವತ್ತು ಕೊಡಲಿಲ್ವಲ್ಲ ಸಾರ್.”

4.20ಕ್ಕೆ ದಸ್ತಗಿರಿಯಾಯಿತು. ಸಂಬಳವಿಲ್ಲದ ರಜೆ ಅದು. ಅದರಿಂದ ಅವನಿಗೆ ಕವಡೆಯ ಲಾಭವೂ ಇರಲಿಲ್ಲ. ಸಾವನ್ನು ಸೇವಾ ಪುಸ್ತಕಕ್ಕೆ ಏರಿಸಿದರೆ, ಅದೇ ದಿನ ತಾನು ತಳ್ಳಿಹಾಕಿದ ಅರ್ಜಿ ಅದರ ಪಕ್ಕದಲ್ಲೇ ಬಂದು ಕೂರುತ್ತಿತ್ತು, ಅಷ್ಟೇ. ಮೇಲಧಿಕಾರಿ ಸೇವಾ ಪುಸ್ತಕದಲ್ಲಿ ‘ನಿಧನ’ ಎಂದು ಬರೆದು ಸಹಿ ಹಾಕಿದರು.

ಖಾನೆಯ ತಳದಲ್ಲಿ ಎಂಟನೆಯ ಚೀಟಿಯೊಂದು ಸಿಕ್ಕಿತು. ಬರುವ ಸೋಮವಾರದ ತಾರೀಕು. ಸಂಪೂರ್ಣ ಗುಣವಾಗಿದ್ದಾರೆ, ಕೆಲಸಕ್ಕೆ ಹಾಜರಾಗಬಹುದು.

ಸಂಜೆ ಠಾಣೆಯಲ್ಲಿ ಆ ಹೆಂಗಸು ‘ನಿಧನ’ ಎಂಬ ಅಕ್ಷರಗಳನ್ನು ಓದಿಕೊಂಡು ಸಮಾಧಾನದಿಂದ ತಲೆಯಾಡಿಸಿದಳು. ಆಮೇಲೆ ಮೇಜಿನ ಮೇಲಿದ್ದ ಎಂಟನೆಯ ಚೀಟಿ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು ಎರಡು ಸಲ ಓದಿದಳು.

“ಇದೊಂದನ್ನ ನನಗೆ ಕೊಡ್ತೀರಾ?”

ಅದು ಸಾಕ್ಷ್ಯ, ಕೊಡಲು ಬರುವುದಿಲ್ಲ ಎಂದರು ಇನ್ಸ್‌ಪೆಕ್ಟರ್. ಆದರೆ ಅವಳ ಕೈಯಿಂದ ಅದನ್ನು ತೆಗೆದುಕೊಳ್ಳಲು ಅವಸರ ಮಾಡಲಿಲ್ಲ.