ಹಿಂದಿನ ಕೋಣೆಗೆ ತಡವಾಗಿ ಬಂದ ಮಾತು

ಕಣ್ಣು ಮಂಜಾದ ತಾಯಿಯ ಎದುರಿಗೆ ಅಗಲವಾದ ಪರದೆಯೊಂದನ್ನು ತಂದಿಟ್ಟು, ಕೈಗೆ ರಿಮೋಟ್ ಕೊಟ್ಟು, ‘ಇನ್ನೇನು ಬೇಕಮ್ಮಾ?’ ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಹೊರಟುಬಂದ ಮಗನನ್ನು ನೀವು ಕೃತಘ್ನನೆಂದು ಬೈಯುವಿರಾ, ಇಲ್ಲವೇ ಅವನ ಜಾಣತನವನ್ನು ಮೆಚ್ಚಿ ನಿಮ್ಮ ಮನೆಗೂ ಕರೆಸಿಕೊಳ್ಳುವಿರಾ?

ಆ ಮಗ ಕಚೇರಿಗಳ ಕಂಪ್ಯೂಟರುಗಳಿಗೆ ತಂತಿ ಎಳೆಯುವ ಕೆಲಸದವನು. ಮನೆಯಲ್ಲಿ ಅವನ ತಾಯಿ, ಹೆಂಡತಿ, ಕಾರ್ಖಾನೆಯ ಪಾಳಿಗೆ ಹೋಗುವ ತಮ್ಮ, ತಮ್ಮನ ಹೆಂಡತಿ. ನಡುಮನೆಯಲ್ಲಿ ಒಂದೇ ಟಿವಿ ಇದ್ದ ಕಾಲದಲ್ಲಿ ಸಂಜೆಯ ಧಾರಾವಾಹಿಗೆ ಕಿರಿಯ ಸೊಸೆ ಅತ್ತೆಯ ಪಕ್ಕದಲ್ಲೇ ಕೂರುತ್ತಿದ್ದಳು. ಅತ್ತೆಗೆ ಕಾಣುತ್ತಿದ್ದುದು ಬಣ್ಣಗಳ ಮಬ್ಬು ಮಾತ್ರ. “ಬಾಗಿಲು ತೆಗೆದಳು ಅತ್ತೇ, ಮುಖ ಊದಿಸ್ಕೊಂಡಿದಾಳೆ” ಎಂದು ಇವಳು. “ಇನ್ನೂ ಊದೋಕೆ ಜಾಗ ಎಲ್ಲಿದೆಯೇ ಅದರಲ್ಲಿ?” ಎಂದು ಅವರು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಈ ಪಿಸುಮಾತು ಹಿರಿಯ ಸೊಸೆಗೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತೆ.

“ಒಂದು ಮಾತು ನೆಟ್ಟಗೆ ಕೇಳಿಸ್ಕೊಳ್ಳೋ ಹಾಗಿಲ್ಲ! ಕಂಡೋರ ಆಫೀಸಿಗೆಲ್ಲ ತಂತಿ ಎಳೀತೀರಿ, ನಮ್ಮನೆಗೆ ಮಾತ್ರ ಕೈ ಬರಲ್ವಾ?” ಎಂದು ಗಂಡನನ್ನು ಚುಚ್ಚಿದಳು.

ಕೈ ಬಂತು. ನಡುಮನೆಯಲ್ಲಿ ಚಾನೆಲ್ಲುಗಳನ್ನು ಹಿಡಿಯುವ ಪೆಟ್ಟಿಗೆಯೊಂದನ್ನು ಇಟ್ಟು, ಮನೆಯ ಕಂಪ್ಯೂಟರ್ ನೆಟ್‌ವರ್ಕಿನ ಮೂಲಕ ಒಂದೊಂದು ಕೋಣೆಗೂ ಟಿವಿ ಹಂಚಿದ. ಅಡುಗೆಮನೆಗೂ ತಂತಿ ಹೋಯಿತು. ತಾಯಿಯ ಹಿಂದಿನ ಕೋಣೆಗೆ ಮಾತ್ರ ಹೋಗಲಿಲ್ಲ. “ಈಗಷ್ಟೇ ಬಣ್ಣ ಹೊಡೆಸಿದ ಗೋಡೆ. ಮೊಳೆ ಹೊಡೆದ್ರೆ ನೋಡಿ!” ಎಂದು ಹೆಂಡತಿಯ ಅಪ್ಪಣೆಯಾಗಿತ್ತು. ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿ, ಚಿತ್ರ ತಡವರಿಸುತ್ತಿತ್ತು. ಆಗ ಅವನು, ಬಂದದ್ದನ್ನು ಹಲವು ಕ್ಷಣ ಕೂಡಿಟ್ಟುಕೊಂಡು ಆಮೇಲೆ ತೋರಿಸುವಂತೆ ಆ ಕೋಣೆಯ ಟಿವಿಯನ್ನು ಹೊಂದಿಸಿದ. ಚಿತ್ರ ತುಂಡಾಗದೆ ಬಂತು, ಆದರೆ ಎಲ್ಲರಿಗಿಂತ ತಡವಾಗಿ ಬಂತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಬರಬರುತ್ತ ತಾನೂ ಮರೆತ. ಸದ್ದು ಯಾರ ಕಿವಿಗೂ ಬೀಳದಿರಲೆಂದು ತಾಯಿಯ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ.

ಧಾರಾವಾಹಿಯ ಹೊತ್ತಿನಲ್ಲೇ ಕಿರಿಯವಳು ಅಡುಗೆ ಮಾಡಬೇಕೆಂದು ಹಿರಿಯ ಸೊಸೆ ಕಟ್ಟಳೆ ಮಾಡಿದಳು. ಅವಳು ಒಲೆಯ ಮುಂದಿನ ಟಿವಿ ನೋಡುತ್ತಲೇ ಅಲ್ಲಿಂದ ಕೂಗಿ ಕಥೆ ಹೇಳತೊಡಗಿದಳು.

“ಅತ್ತೇ, ಗಂಡ ಬಂದ!”

“ಎಲ್ಲಿ ಬಂದ? ಇವಳಿನ್ನೂ ಫೋನಿನಲ್ಲಿ ಅಳ್ತಿದಾಳಲ್ಲೇ.”

“ಅಳು ಆಗ್ಲೇ ಮುಗೀತಲ್ಲ ಅತ್ತೇ!”

ದಿನವೂ ಇದೇ ಜಗಳ. ಮೊದಮೊದಲು ಮುದುಕಿ ಸಿಡುಕಿದರು. ಆಮೇಲೆ ಹೆದರಿದರು. ಕಣ್ಣಂತೂ ಹೋಯಿತು, ಈಗ ಬುದ್ಧಿಯೂ ಹಿಂದೆ ಬೀಳುತ್ತಿದೆಯೇ...? ಅತ್ತೆಯನ್ನು ಪ್ರಾಣದಂತೆ ಕಂಡ ಕಿರಿಯ ಸೊಸೆಯೇ ಒಂದು ದಿನ ಕಣ್ಣೀರಿಡುತ್ತ, “ಅತ್ತೆಗೆ ಹಿಂದುಮುಂದು ತಿಳೀತಿಲ್ಲ” ಎಂದು ಬಾಯಿಬಿಟ್ಟಳು. ಹಿರಿಯವಳಿಗೆ ಅಷ್ಟೇ ಸಾಕಾಗಿತ್ತು. ಅತ್ತೆಗೆ ಅರಳುಮರಳೆಂಬ ಸುದ್ದಿ ಬೀದಿಗೂ ಬಂಧುಗಳಿಗೂ ಹಬ್ಬಿತು. ಮಗ ಅದಕ್ಕೆ ಹೂಂಗುಟ್ಟಿದ. ಒಂದು ವೃದ್ಧಾಶ್ರಮದಲ್ಲಿ ಜಾಗವೂ ಗೊತ್ತಾಯಿತು.

ತಾಯಿ ಎದುರಾಡಲಿಲ್ಲ. “ಇನ್ನು ನಿಮ್ಮ ಹೆಸರುಗಳನ್ನೂ ಮರೀತೀನೇನೋ. ಅದಕ್ಕೆ ಮೊದಲು ಹೋಗಿಬಿಡ್ತೀನಿ” ಎಂದರು.

ಹೊರಡುವ ಹಿಂದಿನ ಸಂಜೆ ಮಗ, ಟಿವಿಯನ್ನೂ ಅಮ್ಮನ ಜೊತೆಗೇ ಕಳಿಸೋಣವೆಂದು ಬಿಚ್ಚಲು ಬಂದ. ಮೊದಲು ಸದ್ದು ಪರೀಕ್ಷಿಸಲೆಂದು ತಾಯಿಯ ಇಯರ್‌ಫೋನನ್ನು ತನ್ನ ಕಿವಿಗಿಟ್ಟುಕೊಂಡ. ಅಡುಗೆಮನೆಯಿಂದ ಕಿರಿಯ ಸೊಸೆಯ ಕೂಗು ಬಂತು.

“ಅತ್ತೇ... ಅಕ್ಕತಂಗಿ ತಬ್ಬಿಕೊಂಡ್ರು!”

ಅವನ ಕಿವಿಯಲ್ಲಿ ಅಕ್ಕತಂಗಿಯರಿನ್ನೂ ಕಚ್ಚಾಡುತ್ತಿದ್ದರು! ಅವನು ಪರದೆ ನೋಡಿದ. ಒಬ್ಬಳು ಬೆರಳು ತೋರಿಸಿ ಬೈಯುತ್ತಿದ್ದಳು... ಇನ್ನೊಬ್ಬಳು ಬೆನ್ನು ತಿರುಗಿಸಿದಳು... ಬಹಳ ಹೊತ್ತೆನಿಸಿದ ಮೇಲೆ ಇಬ್ಬರೂ ತಬ್ಬಿಕೊಂಡರು. ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

“ಅಮ್ಮಾ... ನಿನಗೆ ದಿನವೂ ಹೀಗೇ ಕೇಳ್ತಿತ್ತಾ?”

“ಹೂಂ ಕಣೋ. ಅದಕ್ಕೇ ಅಲ್ವಾ ಹೋಗ್ತಿರೋದು.”

“ನಿನ್ನ ತಪ್ಪಲ್ಲಮ್ಮ! ಗೋಡೆ ಕೆಡುತ್ತೆ ಅಂತ ತಂತಿ ಎಳೀಲಿಲ್ಲ. ಈ ಕೋಣೆಗೆ ತಡವಾಗಿ ಬರೋ ಹಾಗೆ ಮಾಡಿದ್ದು ನಾನೇ!”

ಮುದುಕಿ ಹಾಸಿಗೆಯ ಅಂಚನ್ನು ತಡವಿ ಹಿಡಿದರು. “ಹಾಗಾದ್ರೆ... ನನ್ನ ತಲೆ ಸರಿಯಾಗಿದೆಯಾ?”

“ಸರಿಯಾಗಿದೆಯಮ್ಮ.”

“ಇನ್ನೊಂದು ಸಲ ಹೇಳು.”

ಹೇಳಿದ. ಸೌಟು ಹಿಡಿದೇ ಓಡಿಬಂದ ಕಿರಿಯ ಸೊಸೆ ಅತ್ತೆಯ ಕಾಲಬಳಿ ಕುಸಿದಳು. ಬಾಗಿಲಲ್ಲಿ ನಿಂತ ಹಿರಿಯವಳು ಮಾತ್ರ, “ಊರಿಗೆಲ್ಲ ಹೇಳಿಯಾಗಿದೆ. ಈಗ ಇಲ್ಲ ಅಂದ್ರೆ ಜನ ಏನಂತಾರೆ?” ಎಂದಳು.

“ಯಾರ್ಯಾರಿಗೆ ಹೇಳಿದ್ದೀರಿ?” ಎಂದು ಕೇಳಿದರು ತಾಯಿ. ಆಮೇಲೆ ಮಗನ ಕಡೆ ತಿರುಗಿದರು. “ಎಲ್ಲರಿಗೂ ಹೇಳಪ್ಪ. ನನ್ನೆದುರಿಗೇ ಹೇಳು. ಮೊದಲು ನನ್ನ ತಂಗಿಗೆ.”

ಮಗ ಚಿಕ್ಕಮ್ಮನಿಗೆ ಫೋನ್ ಮಾಡಿ, ಅಮ್ಮನ ಬುದ್ಧಿಗೆ ಏನೂ ಆಗಿಲ್ಲ, ಸುಳ್ಳು ನಮ್ಮದು ಎಂದ. ಆ ಕಡೆಯಿಂದ ಬಿಕ್ಕುವ ದನಿ: “ಅಯ್ಯೋ... ಮಾತಾಡಿದ್ರೂ ತಿಳಿಯಲ್ಲ ಅಂದ್ರಲ್ಲೋ! ಅಕ್ಕನಿಗೆ ಫೋನ್ ಮಾಡೋದನ್ನೇ ಬಿಟ್ಟುಬಿಟ್ಟೆ...”

ತಾಯಿ ಕೈ ಚಾಚಿ ಫೋನು ಇಸಿದುಕೊಂಡರು. “ನನಗೆ ಎಲ್ಲ ತಿಳಿಯತ್ತೆ ಕಣೇ. ಮಾತಾಡು.”

ವೃದ್ಧಾಶ್ರಮದ ಜಾಗ ಬೇಡವೆಂದು ಮರುದಿನ ತಿಳಿಸಲಾಯಿತು. ಹಿರಿಯ ಸೊಸೆ ಕ್ಷಮೆ ಕೇಳಲಿಲ್ಲ; ಅಡುಗೆಯ ಹೊತ್ತನ್ನು ಮಾತ್ರ ಸುಮ್ಮನೆ ಬದಲಿಸಿದಳು.

ಓದುಗರೇ, ನಿಮ್ಮ ಮನೆಯ ಹಿರಿಯರೊಬ್ಬರಿಗೆ ತಲೆ ನೆಟ್ಟಗಿಲ್ಲವೆಂದು, ಸರಿಯಾಗಿ ವಿಚಾರಿಸದೆ, ನೀವೂ ಯಾರಿಗಾದರೂ ಹೇಳಿದ್ದೀರಾ? ಈ ಪುಸ್ತಕವನ್ನು ಬದಿಗಿಡಿ. ಮೊದಲು ಅವರ ಬಳಿ ಕುಳಿತು ನಿಜ ತಿಳಿಯಿರಿ. ನೀವು ಆಡಿದ್ದು ಸುಳ್ಳಾಗಿದ್ದರೆ, ಅವರೆದುರಿಗೇ, ಇವತ್ತೇ, ಆ ಮಾತನ್ನು ಹಿಂದಕ್ಕೆ ಪಡೆಯಿರಿ.