ಮೂರು ಸಲ ತಪ್ಪು ಓಟಿಪಿ

ಮೆಸೇಜನ್ನು ಎರಡೆರಡು ಸಲ ಓದಿದೆ. ಯಾವುದೋ ಮದುವೆ ವೆಬ್‌ಸೈಟಿನ ಹೆಸರು, ಕೆಳಗೆ ಆರಂಕಿಯ ಓಟಿಪಿ. ಬಂದದ್ದು ದರ್ಶನನ ನಂಬರಿಗೆ.

ದರ್ಶನ ಮದುವೆ ಅಡುಗೆಯ ತಂಡದ ಜೊತೆ ಬ್ಯಾಂಕಾಕಿಗೆ ಹೋಗಿ ನಾಲ್ಕು ದಿನ. ಹೊರಡುವ ಮುಂಚೆ ಸಾಲಿಗ್ರಾಮದ ನನ್ನ ಮೊಬೈಲ್ ಅಂಗಡಿಗೆ ಬಂದಿದ್ದ.

"ರೋಮಿಂಗ್ ಪ್ಯಾಕ್ ಹಾಕ್ಲಾ?" ಎಂದೆ.

"ಬ್ಯಾಡ. ಅಲ್ಲಿಗೆ ಹೋಯಿ ಅಲ್ಲಿದೇ ಸಿಮ್ ಹಾಕ್ತೆ. ಇದ್ ನಿನ್ ಹತ್ರ ಇರ್ಲಿ ಚೇತನಾ. ಓಟಿಪಿ ಬಂದ್ರೆ ಹೇಳ್."

ಸಿಮ್ ತೆಗೆದು ನನ್ನ ಅಂಗೈ ಮೇಲಿಟ್ಟ. ಇಟ್ಟ ಬೆರಳು ಬೇಗ ತೆಗೆಯಲಿಲ್ಲ. ನಾನೂ ಕೈ ಎಳೆದುಕೊಳ್ಳಲಿಲ್ಲ. ಎರಡು ವರ್ಷದಿಂದ ಅವನನ್ನು ಇಷ್ಟಪಡುತ್ತಿದ್ದವಳಿಗೆ ಅಷ್ಟೇ ಸಾಕಾಗಿತ್ತು. ಆ ಸಿಮ್ ಹಾಕಿದ ಹಳೇ ಫೋನನ್ನು ಊಟಕ್ಕೆ ಕೂತಾಗಲೂ ಬಟ್ಟಲಿನ ಪಕ್ಕವೇ ಇಟ್ಟುಕೊಳ್ಳುತ್ತಿದ್ದೆ.

ಈಗ ಅದೇ ನಂಬರಿನಲ್ಲಿ ಈ ಮಹಾರಾಯ ಹೆಣ್ಣು ಹುಡುಕುತ್ತಿದ್ದಾನೆ!

ನನ್ನ ಫೋನಿಗೆ ವಾಟ್ಸಾಪ್ ಕಾಲ್ ಬಂತು. ಹಿಂದೆ ಪಾತ್ರೆಗಳ ಸದ್ದು.

"ಹ್ವಾಯ್, ಓಟಿಪಿ ಬಂತಾ? ಬೇಗ ಹೇಳ್ ಕಾಂಬ."

ಓಟಿಪಿ ಯಾರಿಗೂ ಹೇಳಬೇಡಿ ಎಂದು ಗಿರಾಕಿಗಳಿಗೆ ದಿನಾ ಪಾಠ ಮಾಡುವವಳು ನಾನು. ಹೇಳಿದೆ. ಕಡೇ ಅಂಕಿ ಮಾತ್ರ ಬೇಕೆಂದೇ ತಪ್ಪು.

"ತಪ್ ಅಂಬ್ರ್ ಮಾರಾಯ್ತಿ!"

ಎರಡನೆಯದು ಬಂತು. ಅದೂ ತಪ್ಪೇ ಹೇಳಿದೆ. ಮೂರನೆಯದೂ. ನಾಚಿಕೆ ಆಗಲಿಲ್ಲ, ಹೊಟ್ಟೆ ಉರಿಯುತ್ತಿತ್ತು.

ಆಮೇಲೆ ಇನ್ನೊಂದು ಮೆಸೇಜ್. 'ಪ್ರೊಫೈಲ್ ಅಳಿಸುವ ನಿಮ್ಮ ಕೋರಿಕೆ ವಿಫಲವಾಗಿದೆ. ಇಪ್ಪತ್ನಾಲ್ಕು ಗಂಟೆಯ ನಂತರ ಪ್ರಯತ್ನಿಸಿ.'

ನನ್ನ ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡೆ.

"ದರ್ಶನ್, ನೀ ಡಿಲೀಟ್ ಮಾಡೂಕ್ ಹೊರಟದ್ದಾ?"

"ಮತ್ತೆಂತ? ಅಮ್ಮ ಯಾರ್ ಹತ್ರವೋ ಹಾಕ್ಸದ್ದ್ ಅದ್. ಹೆಣ್ಣ್ ನಾನೇ ಕಂಡಾಯ್ತ್ ಅಂತ ನಿನ್ನೆ ಹೇಳ್ದೆ."

"ಯಾರ್?"

"ಸಿಮ್ ಯಾರ್ ಕೈಯಲ್ ಕೊಟ್ಟ್ ಬಂದದ್ದ್ ನಾನ್?"

ಇಷ್ಟು ದಿನ ಕಾದ ಮಾತು ಬಂದರೆ ಹೀಗಾ ಬರುವುದು! ಅಳು, ನಗು ಎರಡೂ ಒಟ್ಟಿಗೆ ಬಂತು.

"ನಾನ್ ಮೂರ್ ಸಲವೂ ಸುಳ್ಳ್ ಹೇಳ್ದೆ," ಎಂದೆ.

"ಗೊತ್ತಾಯ್ತ್," ಎಂದು ನಕ್ಕ. "ಎರಡನೇ ಸಲ ನಿನ್ ದನಿ ನಡುಗ್ತಿತ್ತ್."

ಮರುದಿನ ಅದೇ ಹೊತ್ತಿಗೆ ಓಟಿಪಿ ಬಂತು. ಐದು ಅಂಕಿ ಸರಿಯಾಗಿ ಹೇಳಿ ನಿಲ್ಲಿಸಿದೆ.

"ಕಡೇದ್?"

"ಮೊದಲ್ ನೀ ಬಾಯ್ ಬಿಟ್ಟ್ ಕೇಳ್."

"ಇಲ್ಲಿ ಅಡುಗೆಯವ್ರ್ ಎಲ್ಲ ಇದ್ರ್ ಮಾರಾಯ್ತಿ..."

"ಇರ್ಲಿ."

ಆಮೇಲೆ ಗಟ್ಟಿಯಾಗಿ, "ಚೇತನಾ, ನನ್ನ ಮದಿ ಆತ್ಯಾ?"

ಹಿಂದಿನ ಪಾತ್ರೆಗಳ ಸದ್ದು ಪೂರ್ತಿ ನಿಂತುಹೋಯಿತು.

"ಹ್ಞೂಂ... ಕಡೇದ್ ಆರ್," ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.